ದಣಿಯದ ಲೋಹ



ಮೊನ್ನೆ ಬೆಳಿಗ್ಗೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರನ್ನೂ ಕರೆದುಕೊಂಡು ಬನಶಂಕರಿ ಮೆಟ್ರೋ ನಿಲ್ದಾಣಕ್ಕೆ ಹೋಗಿದ್ದೆ. ಚಿಕ್ಕಪ್ಪನಿಗೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಹಸಿರು ಮಾರ್ಗದಲ್ಲಿ ಮುಂದಿನ ನಿಲ್ದಾಣವಾದ ಆರ್.ವಿ. ರಸ್ತೆಯಲ್ಲೇ ಇಳಿಯಬೇಕು. ಅಲ್ಲಿ ಹಳದಿ ಮಾರ್ಗದ ರೈಲು ಹತ್ತಿದರೆ ರಾಗಿಗುಡ್ಡ ಆದ ಮೇಲೆ ಜಯದೇವ. 2025ರ ಆಗಸ್ಟಿನಲ್ಲಿ ಈ ಮಾರ್ಗ ಶುರುವಾದ ಮೇಲೆ ನಮ್ಮ ಕಡೆಯ ವಯಸ್ಸಾದವರಿಗೆ ಆಸ್ಪತ್ರೆಯ ದಾರಿ ಸಲೀಸಾಗಿದೆ.

ನಿಲ್ದಾಣದ ತಪಾಸಣೆ ಚೌಕಟ್ಟನ್ನು ಚಿಕ್ಕಪ್ಪ ಸದ್ದಿಲ್ಲದೆ ದಾಟಿದರು. ಚಿಕ್ಕಮ್ಮ ಕಾಲಿಟ್ಟೊಡನೆ ಅದು ಕೂಗಿತು. ಕಾವಲಿನ ಹೆಣ್ಣುಮಗಳು ಕೈಯಲ್ಲಿದ್ದ ಉಪಕರಣವನ್ನು ಮೈಯುದ್ದಕ್ಕೂ ಆಡಿಸಿದಳು. ಬಲತೊಡೆಯ ಹತ್ತಿರ ಮತ್ತೆ ಸದ್ದು. "ಬಚ್ಚಲಲ್ಲಿ ಜಾರಿ ಬಿದ್ದಿದ್ದೆ ಕಣಮ್ಮ, ತೊಡೇಲಿ ರಾಡ್ ಹಾಕಿದಾರೆ" ಎಂದರು ಚಿಕ್ಕಮ್ಮ. ಆಕೆ ನಕ್ಕು ಒಳಗೆ ಬಿಟ್ಟಳು.

ರೈಲಿನಲ್ಲಿ ಕೂತ ಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ಅಲ್ಲ ಕಣೇ, ಇವರ ಎದೇಲೂ ಲೋಹ ಇದೆ, ನನ್ನ ತೊಡೇಲೂ ಇದೆ. ಇವರನ್ನ ಬಿಟ್ಟು ನನ್ನನ್ನೇ ಯಾಕೆ ಹಿಡಿಯುತ್ತೆ? ಇನ್ನೊಂದು ಮಾತು. ಒಳಗೇ ಇರುತ್ತಲ್ಲ, ತುಕ್ಕು ಹಿಡಿಯಲ್ವಾ?"

ಮೂವತ್ತು ವರ್ಷ ಕಾಲೇಜಿನಲ್ಲಿ ಲೋಹಶಾಸ್ತ್ರದ ಪಾಠ ಹೇಳಿದವಳು ನಾನು. ಇಷ್ಟು ನೇರವಾದ ಪ್ರಶ್ನೆಯನ್ನು ವಿದ್ಯಾರ್ಥಿಗಳೂ ಕೇಳಿರಲಿಲ್ಲ. ಮೂರು ನಿಲ್ದಾಣಗಳ ದಾರಿಯಲ್ಲಿ ಹೇಳಿ ಮುಗಿಸುವ ಉತ್ತರವೂ ಅದಲ್ಲ. ಆಸ್ಪತ್ರೆಯಲ್ಲಿ ಸರದಿ ಬರುವವರೆಗೆ ಅವರಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗ ಒಬ್ಬರಾದರೂ ಮೈಯೊಳಗೆ ಲೋಹ ಇಟ್ಟುಕೊಂಡವರಿದ್ದಾರೆ.

ಮೊದಲು ತುಕ್ಕಿನ ವಿಷಯ. ಅಡುಗೆಮನೆಯಲ್ಲಿ ನಮ್ಮ ಹಿರಿಯರು ಉಪ್ಪನ್ನು ಎಲ್ಲಿಡುತ್ತಿದ್ದರು, ನೆನಪಿಸಿಕೊಳ್ಳಿ. ಪಿಂಗಾಣಿ ಜಾಡಿಯಲ್ಲಿ, ಭರಣಿಯಲ್ಲಿ. ಸ್ಟೀಲ್ ಡಬ್ಬಿಗೆ ಉಪ್ಪು ಹಾಕಿಟ್ಟರೆ ಕೆಲವು ತಿಂಗಳಲ್ಲಿ ತಳದಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಬೀಳುತ್ತವೆ. ತುಕ್ಕು ಹಿಡಿಯದ ಉಕ್ಕು ಎಂದು ಹೆಸರಾದದ್ದೂ ಉಪ್ಪಿಗೆ ಸೋಲುತ್ತದೆ. ಈಗ ನಮ್ಮ ರಕ್ತವನ್ನು ನಾಲಿಗೆಗೆ ತಾಕಿಸಿದಾಗಿನ ರುಚಿ ನೆನೆಯಿರಿ. ಅದು ಉಪ್ಪುನೀರೇ, ಜೊತೆಗೆ 37 ಡಿಗ್ರಿ ಸೆಲ್ಸಿಯಸ್ ಬಿಸಿ, ಆಮ್ಲಜನಕ, ಹಗಲೂ ರಾತ್ರಿ ನಿಲ್ಲದ ಹರಿವು. ಲೋಹದ ಪಾಲಿಗೆ ದೇಹಕ್ಕಿಂತ ಕಠಿಣವಾದ ಜಾಗ ಬಹಳ ಕಡಿಮೆ.

ಹಾಗಿದ್ದರೂ ಅಲ್ಲಿ ಲೋಹ ಉಳಿಯುವುದು ಹೇಗೆ? ಕ್ರೋಮಿಯಂ ಇರುವ ಲೋಹ ಗಾಳಿಗೆ ಸೋಕಿದೊಡನೆ ತನ್ನ ಮೈಮೇಲೆ ಒಂದು ಪೊರೆಯನ್ನು ಕಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಅದು. ಗೀರು ಬಿದ್ದರೆ ಗಾಯ ಮಾಯುವಂತೆ ತಾನೇ ಕೂಡಿಕೊಳ್ಳುತ್ತದೆ. ಟೈಟಾನಿಯಂ ಲೋಹದ ಪೊರೆ ಇನ್ನೂ ಗಟ್ಟಿ. ಆದ್ದರಿಂದಲೇ ಚಿಕ್ಕಮ್ಮನಿಗೆ ನಾನು ಧೈರ್ಯ ಹೇಳಿದ್ದು: "ನಿಮ್ಮ ಮೈಯಲ್ಲಿರೋದು ಕಬ್ಬಿಣವಲ್ಲ, ಟೈಟಾನಿಯಂ. ತುಕ್ಕಿನ ಭಯ ಬಿಡಿ."

ಆದರೆ ತುಕ್ಕು ಹಿಡಿಯದಿದ್ದರೆ ಸಾಕೇ? ಅಪರಂಜಿ ಚಿನ್ನಕ್ಕೂ ತುಕ್ಕಿಲ್ಲ. ಅದರಲ್ಲಿ ಬಳೆ ಮಾಡಿದರೆ ಒಂದು ಹಬ್ಬ ಕಳೆಯುವಷ್ಟರಲ್ಲಿ ಸೊಟ್ಟಗಾಗುತ್ತದೆ. ಅದಕ್ಕೇ ಅಕ್ಕಸಾಲಿಗರು ತಾಮ್ರ, ಬೆಳ್ಳಿ ಬೆರೆಸುತ್ತಾರೆ. ಬೆರೆಸಿದರೆ ಬಲ ಬರುವುದೇಕೆ? ಒಂದು ಕಟ್ಟು ಇಸ್ಪೀಟು ಎಲೆಗಳನ್ನು ಕೈಯಲ್ಲಿ ಹಿಡಿದು ಒತ್ತಿ. ಎಲೆಗಳು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆ. ಶುದ್ಧ ಲೋಹದಲ್ಲಿ ಪರಮಾಣುಗಳ ಸಾಲುಗಳು ಹೀಗೇ ಜಾರುತ್ತವೆ, ಲೋಹ ಬಾಗುತ್ತದೆ. ಎಲೆಗಳ ನಡುವೆ ಒಂದು ಚಿಟಿಕೆ ಮರಳು ಉದುರಿಸಿದರೆ ಜಾರುವಿಕೆ ಅಲ್ಲಲ್ಲಿ ತಡೆಯುತ್ತದೆ. ಬೇರೆ ಗಾತ್ರದ ಪರಮಾಣುಗಳನ್ನು ಬೆರೆಸಿದಾಗ ಆಗುವುದು ಅದೇ. ತಾಮ್ರಕ್ಕೆ ತವರ ಬೆರೆಸಿ ಕಂಚು ಮಾಡಿದ ನಮ್ಮ ಎರಕದವರಿಗೆ ಈ ಮರ್ಮ ಕೈಯಲ್ಲೇ ಗೊತ್ತಿತ್ತು.

ಇನ್ನು ದೇಹದೊಳಗಿನ ಲೋಹಕ್ಕೆ ಎದುರಾಗುವ ದೊಡ್ಡ ಪರೀಕ್ಷೆ. ಮನೆ ಕಟ್ಟುವ ಕಡೆ ಕಂಬಿ ಕಟ್ಟುವವರನ್ನು ನೋಡಿದ್ದೀರಲ್ಲ, ಕೈಯಲ್ಲಿ ಇಕ್ಕಳ ಇಲ್ಲದಿದ್ದರೂ ಬೈಂಡಿಂಗ್ ವೈರನ್ನು ತುಂಡು ಮಾಡುತ್ತಾರೆ. ಒಂದೇ ಜಾಗದಲ್ಲಿ ಆ ಕಡೆ ಈ ಕಡೆ ಹತ್ತಾರು ಸಲ ಬಾಗಿಸುತ್ತಾರೆ, ತಂತಿ ಪಟ್ಟನೆ ಮುರಿಯುತ್ತದೆ. ಎಳೆದರೆ ತುಂಡಾಗದ ತಂತಿ ಮತ್ತೆ ಮತ್ತೆ ಬಾಗಿಸಿದರೆ ತುಂಡಾಗುತ್ತದೆ. ಇದಕ್ಕೆ ನಾವು ಲೋಹದ ದಣಿವು ಎನ್ನುತ್ತೇವೆ. ಎಲ್ಲೋ ಒಂದು ಗೀರಿನಲ್ಲಿ, ಒಳಗೆ ಸಿಕ್ಕಿಕೊಂಡ ಒಂದು ಕಸದ ಕಣದ ಪಕ್ಕದಲ್ಲಿ ಬಿರುಕು ಹುಟ್ಟುತ್ತದೆ. ಪ್ರತಿ ಬಾಗಿಗೂ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಮುಂದೆ ಸಾಗುತ್ತದೆ.

ಹೃದಯದಲ್ಲಿ ಈ ಲೆಕ್ಕ ಹೇಗಿದೆ ನೋಡಿ. ನಿಮಿಷಕ್ಕೆ 70 ಬಡಿತ ಎಂದುಕೊಂಡರೆ ದಿನಕ್ಕೆ ಒಂದು ಲಕ್ಷ, ವರ್ಷಕ್ಕೆ ಸುಮಾರು 3 ಕೋಟಿ 68 ಲಕ್ಷ. ಲೋಹದ ಹೃದಯ ಕವಾಟವನ್ನು ರೋಗಿಗೆ ಕೂರಿಸುವ ಮೊದಲು ಯಂತ್ರದಲ್ಲಿ 40 ಕೋಟಿ ಸಲ ತೆರೆದು ಮುಚ್ಚಿ ನೋಡಬೇಕೆಂಬ ನಿಯಮ ಜಗತ್ತಿನಲ್ಲಿದೆ. ಅಂದರೆ ಹತ್ತು ವರ್ಷಕ್ಕೂ ಮೀರಿದ ಬದುಕು. ಸೇತುವೆಯ ಉಕ್ಕಿಗೂ ಇಷ್ಟು ದುಡಿಮೆ ಇಲ್ಲ. ಹಾಗಾಗಿ ದೇಹಕ್ಕೆ ಬಲವಾದ ಲೋಹ ಬೇಕು ಎಂದಾಗ ನಾವು ಕೇಳುತ್ತಿರುವುದು ದಣಿಯದ ಲೋಹವನ್ನು. ನನ್ನ ಇವತ್ತಿನ ಮಾತಿನ ತಿರುಳು ಇಷ್ಟೇ.

ಇಂಥ ಒಂದು ಲೋಹಕ್ಕಾಗಿ ನಮ್ಮವರು ಪಟ್ಟ ಪಾಡನ್ನು ಹೇಳಬೇಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಎಂಬ ಹೃದಯ ಶಸ್ತ್ರಚಿಕಿತ್ಸಕರಿದ್ದರು. ಕನ್ನಡಿಗರಿಗೆ ಅವರು ಹೊರಗಿನವರಲ್ಲ. 1993ರಲ್ಲಿ ಮಣಿಪಾಲಕ್ಕೆ ಕುಲಪತಿಯಾಗಿ ಬಂದವರು ಅಲ್ಲೇ ನೆಲೆಸಿದರು, 2024ರ ಜುಲೈಯಲ್ಲಿ ಅಲ್ಲೇ ತೀರಿಕೊಂಡರು. ಅವರು ತಿರುವನಂತಪುರದಲ್ಲಿದ್ದಾಗ, ಗಂಟಲು ನೋವಿನಿಂದ ಶುರುವಾಗಿ ಕೀಲುಜ್ವರವಾಗಿ ಕೊನೆಗೆ ಹೃದಯದ ಕವಾಟವನ್ನೇ ಕೆಡಿಸುವ ಕಾಯಿಲೆ ನಮ್ಮ ದೇಶದ ಬಡಮಕ್ಕಳನ್ನು ಕಾಡುತ್ತಿತ್ತು. ಕವಾಟ ಹೊರದೇಶದಿಂದ ಬರಬೇಕಿತ್ತು. ಅದರ ಬೆಲೆ ಕೂಲಿ ಮಾಡುವ ತಂದೆತಾಯಿಗೆ ಎಟುಕುತ್ತಿರಲಿಲ್ಲ. ನಮ್ಮಲ್ಲೇ ಮಾಡೋಣ ಎಂದು ಅವರ ತಂಡ ಹೊರಟಿತು.

ಓರೆಯಾಗಿ ತೆರೆದು ಮುಚ್ಚುವ ಒಂದು ಬಿಲ್ಲೆ, ಅದನ್ನು ಹಿಡಿದಿಡುವ ಲೋಹದ ಚೌಕಟ್ಟು, ಸುತ್ತ ಹೊಲಿಯಲು ಬಟ್ಟೆಯ ಉಂಗುರ. ನೋಡಿದರೆ ಇಷ್ಟೇ. ಮೊದಲ ಮಾದರಿಯ ಟೈಟಾನಿಯಂ ಚೌಕಟ್ಟು ಬೆಸುಗೆ ಹಾಕಿದ ಕಡೆಯಲ್ಲಿ ಪೆಡಸಾಗಿ ಮುರಿಯಿತು. ಆಮೇಲೆ ನೀಲಮಣಿಯ ಹರಳಿನಿಂದ ಬಿಲ್ಲೆ ಮಾಡಿ ನೋಡಿದರು. ಸವೆತ ಕಾಡಿತು, ಬಿಲ್ಲೆಯೇ ಒಡೆದದ್ದೂ ಆಯಿತು. ಮೂರು ಮಾದರಿಗಳನ್ನು ಹೀಗೆ ಕೈಬಿಟ್ಟರು. ನಾಲ್ಕನೆಯದರಲ್ಲಿ ಹೇನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹದ ಇಡೀ ತುಂಡಿನಿಂದ ಚೌಕಟ್ಟನ್ನು ಕೊರೆದು ತೆಗೆದರು. ಎಲ್ಲಿಯೂ ಬೆಸುಗೆ ಇಲ್ಲ, ಬಾಗಿಸಿದ್ದಿಲ್ಲ. ಬಿಲ್ಲೆಗೆ ಸವೆಯದ ಒಂದು ಬಗೆಯ ಪಾಲಿಥಿಲೀನ್. 1990ರ ಡಿಸೆಂಬರ್ 6ರಂದು ಮೊದಲ ರೋಗಿಯ ಎದೆಯಲ್ಲಿ ಅದು ಬಡಿತದ ಜೊತೆ ತೆರೆದುಕೊಂಡಿತು. ಇವತ್ತಿಗೆ ಆ ಕವಾಟ ಪಡೆದವರ ಸಂಖ್ಯೆ ಲಕ್ಷ ದಾಟಿದೆ.

ಆ ಹೇನ್ಸ್-25ರ ಮೂಲ ನೋಡಿ. ಅಮೆರಿಕದ ಎಲ್‌ವುಡ್ ಹೇನ್ಸ್ ಎಂಬಾತ ಮಂಕಾಗದ, ತುಕ್ಕು ಹಿಡಿಯದ ಊಟದ ಚಾಕು, ಚಮಚ ಮಾಡಬೇಕೆಂದು ಹೊರಟು ಕೋಬಾಲ್ಟಿಗೆ ಕ್ರೋಮಿಯಂ ಬೆರೆಸಿದ. 1907ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅದೇ ಮನೆತನದ ಮಿಶ್ರಲೋಹಗಳು ಮುಂದೆ ಜೆಟ್ ಎಂಜಿನ್ನಿನ ಬೆಂಕಿಯುಗುಳುವ ಭಾಗಗಳಿಗೆ ಹೋದವು. ಹೇನ್ಸ್-25ರಲ್ಲಿ ನೂರಕ್ಕೆ ಸುಮಾರು 50 ಪಾಲು ಕೋಬಾಲ್ಟ್, 20 ಕ್ರೋಮಿಯಂ, 15 ಟಂಗ್‌ಸ್ಟನ್, 10 ನಿಕ್ಕಲ್. ಇದಕ್ಕೆ ಇನ್ನೊಂದು ಹೆಸರಿದೆ, ಎಲ್-605. ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟುಗಳಲ್ಲಿ ಬಹಳಷ್ಟನ್ನು ಇದರಿಂದಲೇ ಮಾಡುತ್ತಾರೆ. ಕವಾಟದ ಚೌಕಟ್ಟು, ಸ್ಟೆಂಟಿನ ಜಾಲರಿ ಎರಡಕ್ಕೂ ಒಂದೇ ಲೋಹ. ಎರಡೂ ಹುಟ್ಟಿದ್ದು ಎಂಜಿನ್ನಿಗಾಗಿ ಕಡೆದ ಮಿಶ್ರಣದಿಂದ.

ಇಲ್ಲಿ ಚಿಕ್ಕಮ್ಮನ ಮೊದಲ ಪ್ರಶ್ನೆಗೆ ಉತ್ತರವೂ ಇದೆ. ಮೊದಲ ತಲೆಮಾರಿನ ಸ್ಟೆಂಟುಗಳು ಸ್ಟೀಲಿನವು. ಅವುಗಳ ಎಳೆ ಕೆಲವದರಲ್ಲಿ 140 ಮೈಕ್ರಾನ್, ಅಂದರೆ ಎರಡು ತಲೆಗೂದಲನ್ನು ಜೋಡಿಸಿದಷ್ಟು ದಪ್ಪ. ಎಳೆ ದಪ್ಪವಾದಷ್ಟೂ ನಾಳದ ಒಳಗೋಡೆಗೆ ಗಾಯ ಹೆಚ್ಚು, ಗಾಯ ಮಾಯುವಾಗ ಮಾಂಸ ಬೆಳೆದು ದಾರಿ ಮತ್ತೆ ಕಟ್ಟುವ ಸಂಭವ ಹೆಚ್ಚು. 2001ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ವೈದ್ಯರು ತೆಳು ಎಳೆಯ ಸ್ಟೆಂಟನ್ನೂ ದಪ್ಪ ಎಳೆಯದನ್ನೂ 651 ರೋಗಿಗಳಲ್ಲಿ ಹೋಲಿಸಿ ನೋಡಿದರು. ದಪ್ಪ ಎಳೆಯವರಲ್ಲಿ ನೂರಕ್ಕೆ 25.8 ಮಂದಿಗೆ ನಾಳ ಮತ್ತೆ ಕಿರಿದಾಯಿತು. ತೆಳು ಎಳೆಯವರಲ್ಲಿ ನೂರಕ್ಕೆ 15. ಸ್ಟೀಲನ್ನು ಮನಬಂದಷ್ಟು ತೆಳು ಮಾಡುವಂತಿಲ್ಲ. ನಾಳದ ಒತ್ತಡಕ್ಕೆ ಕುಸಿಯುತ್ತದೆ, ಎಕ್ಸ್‌ರೇಯಲ್ಲಿ ಮಸುಕಾಗಿ ವೈದ್ಯರ ಕಣ್ಣಿಗೆ ಬೀಳದೆ ಹೋಗುತ್ತದೆ. ಎಲ್-605 ಅದಕ್ಕಿಂತ ಬಲಶಾಲಿ. ಟಂಗ್‌ಸ್ಟನ್ ಇರುವುದರಿಂದ ಸಾಂದ್ರತೆಯೂ ಹೆಚ್ಚು, ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಎಳೆ ಸುಮಾರು 80 ಮೈಕ್ರಾನಿಗೆ ಇಳಿಯಿತು, ಒಂದೇ ಕೂದಲಿನಷ್ಟು. ಚಿಕ್ಕಪ್ಪನ ಎದೆಯಲ್ಲಿರುವ ಇಡೀ ಸ್ಟೆಂಟು ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ತೂಕ. ಮೆಟ್ರೋ ಚೌಕಟ್ಟಿಗೆ ಅದು ಕೇಳಿಸುವುದಿಲ್ಲ. ಬಲ ಹೆಚ್ಚಾದರೆ ಲೋಹ ಹೆಚ್ಚಾಗಬೇಕಿಲ್ಲ. ಬಲ ಹೆಚ್ಚಾದುದರಿಂದಲೇ ಕಡಿಮೆ ಲೋಹ ಸಾಕಾಯಿತು.

ಮೂಳೆಯ ಮಾತು ಬೇರೆ. ಅಲ್ಲಿ ಬಲ ಬೇಕು, ಬಿಗುಪು ಬೇಡ. ಸದಾ ಕಂಕುಳಲ್ಲೇ ಹೊತ್ತು ತಿರುಗಿದ ಮಗು ನಡೆಯುವುದನ್ನು ತಡವಾಗಿ ಕಲಿಯುತ್ತದೆ ಎನ್ನುತ್ತಾರಲ್ಲ, ಮೂಳೆಯೂ ಹಾಗೇ. ಭಾರ ಹೊತ್ತರೆ ಗಟ್ಟಿಯಾಗುತ್ತದೆ, ಹೊರದಿದ್ದರೆ ಕರಗುತ್ತದೆ. 1892ರಲ್ಲೇ ಜರ್ಮನಿಯ ಯೂಲಿಯುಸ್ ವೋಲ್ಫ್ ಇದನ್ನು ಬರೆದಿಟ್ಟಿದ್ದ. ಪಕ್ಕದಲ್ಲಿರುವ ರಾಡು ಮೂಳೆಗಿಂತ ಬಹಳ ಬಿಗಿಯಾಗಿದ್ದರೆ ಭಾರವನ್ನೆಲ್ಲ ತಾನೇ ಹೊತ್ತುಬಿಡುತ್ತದೆ. ಮೂಳೆಗೆ ಕೆಲಸ ಇಲ್ಲ, ಕ್ರಮೇಣ ಸಡಿಲ. ಬಾಗಿಸಲು ಎಷ್ಟು ಬಲ ಬೇಕು ಎಂಬ ಅಳತೆಯಲ್ಲಿ ಗಟ್ಟಿ ಮೂಳೆಗೆ 10ರಿಂದ 30ರವರೆಗೆ ಅಂಕ ಕೊಟ್ಟರೆ ಸ್ಟೀಲಿಗೆ ಸುಮಾರು 200, ಕೋಬಾಲ್ಟ್-ಕ್ರೋಮಿಯಮ್ಮಿಗೆ ಅದಕ್ಕೂ ಹೆಚ್ಚು. ನೂರಕ್ಕೆ 90 ಟೈಟಾನಿಯಂ, 6 ಅಲ್ಯೂಮಿನಿಯಂ, 4 ವನೇಡಿಯಂ ಸೇರಿದ ಮಿಶ್ರಲೋಹಕ್ಕೆ ಸುಮಾರು 110. ಅದೂ ವಿಮಾನದ ಲೋಹವೇ. ಸ್ಟೀಲಿನ ಸುಮಾರು ಅರ್ಧದಷ್ಟು ತೂಕ, ಮೂಳೆಯೊಂದಿಗೆ ಕೂಡಿಕೊಂಡು ಬೆಳೆಯುವ ಗುಣ ಬೇರೆ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯ ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ತುಣುಕನ್ನು ಹೊರತೆಗೆಯಲಾಗದೆ ಈ ಗುಣವನ್ನು ಕಂಡುಕೊಂಡ. ಇವತ್ತು ಜೆ.ಪಿ. ನಗರದಲ್ಲೋ ಬಿ.ಟಿ.ಎಂ.ನಲ್ಲೋ ಹಲ್ಲು ಕಟ್ಟಿಸಿಕೊಳ್ಳುವವರ ದವಡೆಯಲ್ಲಿ ಕೂರುವ ಸ್ಕ್ರೂ ಆ ಮೊಲದಿಂದ ಬಂದದ್ದು.

110 ಕೂಡ ಮೂಳೆಗೆ ಹೆಚ್ಚೇ. ಅದನ್ನು ಇನ್ನೂ ಇಳಿಸಬೇಕು, ಬಲ ಮಾತ್ರ ಇಳಿಯಬಾರದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹ ವಿಭಾಗದವರು ಟೈಟಾನಿಯಮ್ಮಿಗೆ ನಯೋಬಿಯಂ ಜೊತೆ ತವರವನ್ನೂ ಬೆರೆಸಿ ಇಂಥ ಮಿಶ್ರಲೋಹಗಳನ್ನು ಕಡೆದಿದ್ದಾರೆ. ಕಂಚಿಗೆ ಬಲ ಕೊಟ್ಟ ಅದೇ ತವರ ಇಲ್ಲಿ ಮೂಳೆಗೆ ಹೊಂದುವ ಮೆದುತನ ಕೊಡಲು ಬಂದಿದೆ.

ಬಾಗಿದರೂ ಮತ್ತೆ ತನ್ನ ಆಕಾರಕ್ಕೆ ಮರಳುವ ಲೋಹವೂ ಒಂದಿದೆ, ನಿಟಿನಾಲ್. ನಿಕ್ಕಲ್, ಟೈಟಾನಿಯಂ ಹೆಚ್ಚುಕಡಿಮೆ ಸಮಸಮ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡು ಜಯನಗರದ ಶಾಲೆಗಳಿಗೆ ಹೋಗುವ ಎಷ್ಟೋ ಮಕ್ಕಳ ಬಾಯಲ್ಲಿ ಈ ತಂತಿ ಇದೆ; ಸೊಟ್ಟ ಹಲ್ಲನ್ನು ಮೆಲ್ಲಗೆ, ಬಿಡದೆ ಎಳೆಯುತ್ತದೆ. ಸೂಜಿಯಷ್ಟು ಸಣ್ಣ ನಳಿಕೆಯಲ್ಲಿ ಮಡಚಿ ತೂರಿಸಿ, ಬೇಕಾದ ಜಾಗದಲ್ಲಿ ಬಿಟ್ಟರೆ ಹೂವಿನಂತೆ ಅರಳಿ ನಿಲ್ಲುವುದು ಇದರ ಗುಣ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಾವು ಎನ್‌ಎಎಲ್ ಎನ್ನುತ್ತೇವಲ್ಲ, ಅದರ ಜೊತೆ ಸೇರಿ ಶ್ರೀ ಚಿತ್ರಾ ಸಂಸ್ಥೆ ನಿಟಿನಾಲಿನಿಂದ ಎರಡು ಸಾಧನಗಳನ್ನು ಮಾಡಿತು. ಒಂದು, ಹುಟ್ಟುವಾಗಲೇ ಹೃದಯದ ಮೇಲ್ಕೋಣೆಗಳ ನಡುವೆ ಉಳಿದ ತೂತನ್ನು ಎದೆ ಕೊಯ್ಯದೆ ಮುಚ್ಚುವುದು. ಇನ್ನೊಂದು, ಮಿದುಳಿನ ರಕ್ತನಾಳ ಬಲೂನಿನಂತೆ ಉಬ್ಬಿದ ಕಡೆಗೆ ರಕ್ತ ನುಗ್ಗದಂತೆ ದಿಕ್ಕು ತಿರುಗಿಸುವ ಹೆಣೆದ ಜಾಲರಿ. 2021ರಲ್ಲಿ ಈ ತಂತ್ರಜ್ಞಾನವನ್ನು ಪುಣೆಯ ಒಂದು ಕಂಪನಿಗೆ ವಹಿಸಿಕೊಟ್ಟರು. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ಗೆ ಇಂಥ ಉಬ್ಬಿದ ನಾಳ ಒಡೆದು ಬಂದವರ ಮನೆಯವರನ್ನು ಒಮ್ಮೆ ನೋಡಿದರೆ, ಹೆಣೆದ ಆ ಬೆರಳುದ್ದದ ತಂತಿಯ ಬೆಲೆ ಏನೆಂದು ತಿಳಿಯುತ್ತದೆ. ಊರಿನ ಪೂರ್ವಕ್ಕೆ ವಿಮಾನದ ಪ್ರಯೋಗಾಲಯ, ದಕ್ಷಿಣಕ್ಕೆ ಹೃದಯ, ಮೂಳೆ, ಮಿದುಳಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಈ ಎರಡರ ನಡುವೆ ಓಡಾಟ ಹೆಚ್ಚಬೇಕು ಎಂಬುದು ನನ್ನ ಬಹುಕಾಲದ ಆಸೆ.

ಎಚ್ಚರದ ಮಾತನ್ನೂ ಹೇಳಬೇಕು. ಕೋಬಾಲ್ಟ್-ಕ್ರೋಮಿಯಂ ಅಷ್ಟು ಗಟ್ಟಿಯಲ್ಲವೇ ಎಂದು ಸೊಂಟದ ಕೀಲಿನಲ್ಲಿ ಲೋಹದ ಗುಂಡು ಲೋಹದ ಬಟ್ಟಲಲ್ಲೇ ಉರುಳುವಂತೆ ಮಾಡಿದರು. ಉಜ್ಜಿ ಉದುರಿದ ಕಣ್ಣಿಗೆ ಕಾಣದ ಪುಡಿ ಸುತ್ತಲಿನ ಮಾಂಸವನ್ನು ಕೆಡಿಸಿತು, ರಕ್ತದಲ್ಲಿ ಕೋಬಾಲ್ಟ್ ಏರಿತು. 2010ರಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ ಜಗತ್ತಿನಾದ್ಯಂತ ಸುಮಾರು 93 ಸಾವಿರ ಕೀಲುಗಳನ್ನು ಹಿಂದೆಗೆದುಕೊಳ್ಳಬೇಕಾಯಿತು. ಹಾಕಿಸಿಕೊಂಡವರಲ್ಲಿ ಭಾರತದವರೂ ಇದ್ದರು. ಚಿತ್ರಾ ಕವಾಟದ ತಂಡ ಮೂರು ಮಾದರಿಗಳನ್ನು ಕೈಬಿಟ್ಟದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಯಂತ್ರದಲ್ಲಿ ಸೋತ ಲೋಹ ಯಾರ ಜೀವವನ್ನೂ ನೋಯಿಸುವುದಿಲ್ಲ. ಪ್ರಯೋಗಾಲಯದಲ್ಲಿ ಆದಷ್ಟು ಬೇಗ, ಆದಷ್ಟು ಸಲ ಸೋಲಲು ಹಣ ಮತ್ತು ಸಮಯ ಕೊಡುವುದು ಸಮಾಜದ ಕರ್ತವ್ಯ.

ಬೆಲೆಯೂ ಬಲದ ಒಂದು ಭಾಗವೇ ಎಂದು ನಾನು ನಂಬಿದ್ದೇನೆ. ಕೈಗೆಟುಕದ ಲೋಹ ಎಷ್ಟು ಬಲವಾಗಿದ್ದರೇನು? 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು. ಅದೇ ಆಗಸ್ಟಿನಲ್ಲಿ ಮಂಡಿಯ ಕೀಲಿಗೆ ಹಾಕಿದ ಮಿತಿಯಲ್ಲಿ ಲೋಹದ ಹೆಸರೇ ಬಂತು: ಕೋಬಾಲ್ಟ್-ಕ್ರೋಮಿಯಮ್ಮಿನದಕ್ಕೆ 54,720, ಟೈಟಾನಿಯಂನಂಥ ವಿಶೇಷ ಲೋಹದ್ದಕ್ಕೆ 76,600. ಲೋಹದ ಹೆಸರು ಸರ್ಕಾರದ ಆದೇಶದವರೆಗೆ ಬಂದಿದೆ. ಆ ಲೋಹ ಹೊತ್ತವರ ನಾಲಿಗೆಗೂ ಬರಬೇಕು.

ಹಾಗಾಗಿ ಕೇಳುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರಿಗಾದರೂ ರಾಡು, ಪ್ಲೇಟು, ಸ್ಟೆಂಟು, ಕವಾಟ ಹಾಕಿದ್ದರೆ ಅದು ಯಾವ ಲೋಹ ಎಂದು ಡಾಕ್ಟರನ್ನು ಕೇಳಿ. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದದಲ್ಲಿ ಸಾಧನದ ಹೆಸರು, ಅಳತೆ, ತಯಾರಿಕೆಯ ಸಂಖ್ಯೆ ಇರುವ ಚೀಟಿ ಅಂಟಿಸಿರುತ್ತಾರೆ. ಕಾರ್ಡು ಕೊಟ್ಟಿದ್ದರೂ ಕೊಟ್ಟಿರಬಹುದು. ಬೀರುವಿನ ತಳಕ್ಕೆ ಸೇರಿಸದೆ ಜೋಪಾನ ಮಾಡಿ. ಎಂ.ಆರ್.ಐ. ಸ್ಕ್ಯಾನಿಗೆ ಹೋದಾಗ ಮೊದಲೇ ತಿಳಿಸಬೇಕು. ನಿಕ್ಕಲ್ ಇರುವ ಒಡವೆಯಿಂದ ಚರ್ಮ ಕೆರೆಯುವವರು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹೇಳಬೇಕು. ನಾಳೆ ಯಾವುದಾದರೂ ಸಾಧನವನ್ನು ಕಂಪನಿ ಹಿಂದಕ್ಕೆ ಕರೆದರೆ ನಿಮ್ಮನ್ನು ಹುಡುಕಲು ಆ ಸಂಖ್ಯೆಯೇ ದಾರಿ.

ಚಿಕ್ಕಪ್ಪನ ತಪಾಸಣೆ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಎಲ್ಲ ಸರಿಯಿದೆ ಎಂದರು. ಜಯದೇವ ನಿಲ್ದಾಣದ ಚೌಕಟ್ಟಿನಲ್ಲಿ ಚಿಕ್ಕಪ್ಪ ಮತ್ತೆ ಸದ್ದಿಲ್ಲದೆ ದಾಟಿದರು. ಚಿಕ್ಕಮ್ಮ ಕಾಲಿಟ್ಟರು, ಅದು ಕೂಗಿತು. ಕಾವಲಿನ ಹುಡುಗಿ ಏನಜ್ಜಿ ಎಂದು ಕೇಳುವ ಮೊದಲೇ ಅವರು ತೊಡೆಯ ಮೇಲೆ ಕೈಯಿಟ್ಟು ಹೇಳಿದರು: "ಟೈಟಾನಿಯಂ ಕಣಮ್ಮ. ತುಕ್ಕು ಹಿಡಿಯಲ್ಲ."